ತೊಂಬತ್ತೊಂಬತ್ತರ ಅಂಗಡಿಯಲ್ಲಿ ಚಿತ್ರದ ಸಾಮಾನು

ಕರ್ನಾಟಕದ ಸಣ್ಣ ಊರುಗಳ ಪೇಟೆಬೀದಿಯಲ್ಲೂ ಈಗ ‘ಏನೇ ತಗೊಂಡ್ರೂ 99’ ಎಂಬ ಬೋರ್ಡು ಕಾಣಸಿಗುತ್ತದೆ. ಪ್ಲಾಸ್ಟಿಕ್ ಬುಟ್ಟಿ, ಗೋಡೆ ಗಡಿಯಾರ, ಟಿಫಿನ್ ಡಬ್ಬಿಗಳ ಸಾಲು ದಾಟಿ ಒಳಗೆ ಹೋದರೆ ಒಂದು ಕಪಾಟಿನಲ್ಲಿ ಬಣ್ಣದ ಪೆಟ್ಟಿಗೆ, ಹತ್ತು ಬ್ರಷ್ಷುಗಳ ಕಟ್ಟು, ಅಂಗೈಯಗಲದ ಕ್ಯಾನ್ವಾಸು, ಸ್ಕೆಚ್ ಪೆನ್ನುಗಳು ತುಂಬಿರುತ್ತವೆ. ದೊಡ್ಡ ಊರುಗಳಲ್ಲಿ ಡಿ-ಮಾರ್ಟ್‌ನ ಸ್ಟೇಷನರಿ ಸಾಲು, ಮಾಲ್‌ಗಳ ಮಿಸ್ಟರ್ ಡಿಐವೈ, ಬೆಂಗಳೂರಿನಲ್ಲಾದರೆ ಅವೆನ್ಯೂ ರಸ್ತೆಯ ಸಗಟು ಅಂಗಡಿಗಳೂ ಇದೇ ಸರಕನ್ನು ಇನ್ನೊಂದು ಬೆಲೆಗೆ ಮಾರುತ್ತವೆ. ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಗು, ಕಲಾಶಾಲೆಗೆ ಆಗಷ್ಟೇ ಸೇರಿದ ವಿದ್ಯಾರ್ಥಿ, ನಿವೃತ್ತಿಯ ನಂತರ ಕುಂಚ ಹಿಡಿದ ಹಿರಿಯರು, ಎಲ್ಲರೂ ಒಂದಲ್ಲ ಒಂದು ದಿನ ಈ ಕಪಾಟಿನ ಮುಂದೆ ನಿಲ್ಲುತ್ತಾರೆ.

ಅಗ್ಗದ್ದೆಲ್ಲ ಕಳಪೆಯಲ್ಲ, ದುಬಾರಿಯದೆಲ್ಲ ಉತ್ತಮವೂ ಅಲ್ಲ. ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ವಸ್ತು ಚಿತ್ರದಲ್ಲಿ ಉಳಿಯುತ್ತದೆಯೋ, ಮೇಜಿನ ಮೇಲೆ ಉಳಿಯುತ್ತದೆಯೋ? ನೀರಿನ ಲೋಟ, ಬಣ್ಣ ಕಲೆಸುವ ತಟ್ಟೆ, ಹಲಗೆ, ಕ್ಲಿಪ್ಪು, ಟೇಪು ಮೇಜಿನ ಮೇಲೆ ಉಳಿಯುವಂಥವು. ಇವನ್ನು ಎಷ್ಟು ಅಗ್ಗಕ್ಕೆ ಸಿಕ್ಕರೂ ಕಣ್ಣುಮುಚ್ಚಿ ಕೊಳ್ಳಬಹುದು. ಕಾಗದ ಮತ್ತು ಬಣ್ಣ ಚಿತ್ರದಲ್ಲೇ ಉಳಿದುಬಿಡುತ್ತವೆ. ಇವನ್ನು ಮಾತ್ರ ತಿರುಗಿಸಿ, ತೂಗಿ, ಓದಿ ನೋಡಿಯೇ ಬುಟ್ಟಿಗೆ ಹಾಕಬೇಕು.

ಮೇಜಿನ ಮೇಲಿನ ಸಾಮಾನಿಗಾಗಿ ಚಿತ್ರಕಲೆಯ ಕಪಾಟಿನ ಹತ್ತಿರ ಹೋಗುವ ಅಗತ್ಯವೇ ಇಲ್ಲ. ‘ಪ್ಯಾಲೆಟ್’ ಎಂಬ ಹೆಸರಿನಲ್ಲಿ ಮಾರುವ ತೆಳ್ಳನೆಯ ಪ್ಲಾಸ್ಟಿಕ್ ಹಲಗೆಯ ಮೇಲೆ ಜಲವರ್ಣ ಹರಡದೆ ಮಣಿಮಣಿಯಾಗಿ ನಿಲ್ಲುತ್ತದೆ, ಎಷ್ಟು ಗಾಢವಾಗಿ ಕಲೆಸಿದ್ದೇವೆಂಬುದು ತಿಳಿಯುವುದೇ ಇಲ್ಲ. ಅದೇ ಅಂಗಡಿಯ ಅಡುಗೆ ಸಾಮಾನಿನ ವಿಭಾಗದಲ್ಲಿರುವ ಬಿಳಿ ಪಿಂಗಾಣಿ ತಟ್ಟೆ ಇದಕ್ಕಿಂತ ಎಷ್ಟೋ ಮೇಲು. ಬಣ್ಣ ಸಮನಾಗಿ ಹರಡುತ್ತದೆ, ಕಾಗದದ ಬಿಳುಪಿನ ಮೇಲೆ ಹೇಗೆ ಕಂಡೀತು ಎಂಬುದು ತಟ್ಟೆಯಲ್ಲೇ ತಿಳಿಯುತ್ತದೆ, ಒರೆಸಿದರೆ ಕಲೆ ಉಳಿಯುವುದಿಲ್ಲ. ಸ್ಟೀಲ್ ತಟ್ಟೆ ಬೇಡ, ಅದರ ಹೊಳಪು ಬಣ್ಣದ ಅಂದಾಜು ತಪ್ಪಿಸುತ್ತದೆ. ವಾರದ ಮಾತ್ರೆಗಳನ್ನು ಇಡುವ ಏಳು ಖಾನೆಯ ಡಬ್ಬಿಯಲ್ಲಿ ಟ್ಯೂಬಿನ ಬಣ್ಣ ತುಂಬಿ ಒಣಗಿಸಿಟ್ಟರೆ ಜೇಬಿಗೆ ಹಾಕಿಕೊಂಡು ಹೋಗುವ ಬಣ್ಣದ ಪೆಟ್ಟಿಗೆ ಸಿದ್ಧ. ಪರೀಕ್ಷೆಗೆ ಒಯ್ಯುವ ಕ್ಲಿಪ್ಪಿನ ಪ್ಯಾಡು ಒಳ್ಳೆಯ ಡ್ರಾಯಿಂಗ್ ಬೋರ್ಡ್. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿ ಗಟ್ಟಿಯಾದ ಬಣ್ಣದ ಬಿಲ್ಲೆಗಳನ್ನು ಮೆದು ಮಾಡುತ್ತದೆ. ಮೇಣದಬತ್ತಿಯಿಂದ ಗೆರೆ ಎಳೆದು ಮೇಲೆ ಬಣ್ಣ ಬಳಿದರೆ ಆ ಗೆರೆ ಬಿಳಿಯಾಗಿ ಉಳಿಯುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು ಮಳೆಯ ತುಂತುರನ್ನು ಎರಚುತ್ತದೆ. ಬ್ರಷ್ ಒರೆಸಲು ಹಳೆಯ ಹತ್ತಿಯ ಪಂಚೆಯ ತುಂಡು ಸಾಕು.

ಈಗ ಕಾಗದಕ್ಕೆ ಬರೋಣ. ಚಿತ್ರ ಕಲಿಯುವವರ ಹಣ ಅತಿ ಹೆಚ್ಚು ಪೋಲಾಗುವುದು ಇಲ್ಲಿ. ಅವರ ಉತ್ಸಾಹ ಬತ್ತುವುದೂ ಇಲ್ಲಿಯೇ. ಜಲವರ್ಣದಲ್ಲಿ ಸಾಧಾರಣ ಬಣ್ಣವನ್ನು ಒಳ್ಳೆಯ ಕಾಗದದ ಮೇಲೆ ಹಚ್ಚಿದರೆ ಚೆಂದದ ಚಿತ್ರ ಬರುತ್ತದೆ. ದುಬಾರಿ ಬಣ್ಣವನ್ನು ಕೆಟ್ಟ ಕಾಗದದ ಮೇಲೆ ಹಚ್ಚಿದರೆ ಬಾರದು. ಕಾಗದ ಸುಕ್ಕುಗಟ್ಟುತ್ತದೆ, ಎರಡನೆಯ ಸಲ ಬ್ರಷ್ ಆಡಿಸಿದರೆ ಮೇಲ್ಮೈ ಎದ್ದು ಹಿಟ್ಟಿನಂತೆ ಉರುಳೆಯಾಗುತ್ತದೆ. ತನಗೆ ಚಿತ್ರ ಬರುವುದಿಲ್ಲ ಎಂದು ನಂಬಿಕೊಂಡಿರುವ ಎಷ್ಟೋ ಮಕ್ಕಳ ಕೈ ಸರಿಯಾಗಿಯೇ ಇರುತ್ತದೆ, ಕಾಗದ ಸರಿಯಿರುವುದಿಲ್ಲ.

ಕಾಗದದ ದಪ್ಪವನ್ನು ಜಿಎಸ್‌ಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಜೆರಾಕ್ಸ್ ಕಾಗದ ಸಾಮಾನ್ಯವಾಗಿ 70ರಿಂದ 80, ಜಲವರ್ಣಕ್ಕೆ ಎಲ್ಲೆಡೆ ಒಪ್ಪಿತವಾದ ದಪ್ಪ 300. ನೀರು ಕಡಿಮೆ ಬಳಸುವವರಿಗೆ 200ರ ಆಸುಪಾಸಿನದು ನಡೆಯುತ್ತದೆ. ಅಗ್ಗದ ಪ್ಯಾಡುಗಳ ರಕ್ಷಾಪುಟದ ಮೇಲೆ ಅಚ್ಚಾಗಿರುವ ಅಂಕಿ ನಿಜವೇ ಎಂದು ನೋಡಲು ಸುಲಭವಾದ ಉಪಾಯವಿದೆ. ಎ4 ಹಾಳೆ ಹದಿನಾರು ಸೇರಿದರೆ ಸರಿಯಾಗಿ ಒಂದು ಚದರ ಮೀಟರ್ ಆಗುತ್ತದೆ. ಹಾಗಾಗಿ 80 ಜಿಎಸ್‌ಎಂನ ಎ4 ಹಾಳೆ 5 ಗ್ರಾಂ, 300 ಜಿಎಸ್‌ಎಂನದು 19 ಗ್ರಾಂಗೆ ತುಸು ಕಡಿಮೆ. ಹನ್ನೆರಡು ಹಾಳೆಯ 300 ಜಿಎಸ್‌ಎಂ ಪ್ಯಾಡಿನಲ್ಲಿ ಹಾಳೆಗಳೇ ಸುಮಾರು 225 ಗ್ರಾಂ ತೂಗಬೇಕು, ರಟ್ಟಿನ ತೂಕ ಬೇರೆ. ತರಕಾರಿ ತೂಗುವ ಯಂತ್ರ ಇರುವ ಅಂಗಡಿಯಾದರೆ ಪ್ಯಾಡನ್ನು ಅದರ ಮೇಲೆ ಒಮ್ಮೆ ಇಟ್ಟು ನೋಡಬಹುದು. ರಟ್ಟೂ ಸೇರಿ 150 ಗ್ರಾಂ ದಾಟದಿದ್ದರೆ ರಕ್ಷಾಪುಟದ ಅಂಕಿಯನ್ನು ನಂಬಬೇಕಾಗಿಲ್ಲ.

ತೂಕ ಸರಿಯಿದ್ದರೂ ಸಾಲದು. ಕಾಗದಕ್ಕೆ ಗಂಜಿಯೋ ಸರಿಯೋ (ತೆಳು ಅಂಟು) ಸೇರಿ ನೀರನ್ನು ತಕ್ಷಣ ಹೀರದಂಥ ಗುಣ ಬಂದಿರಬೇಕು. ಮೂಲೆಯಲ್ಲಿ ಒಂದು ಹನಿ ನೀರಿಟ್ಟರೆ ಅದು ಸ್ವಲ್ಪ ಹೊತ್ತು ಗುಂಡಗೆ ನಿಲ್ಲಬೇಕು. ಇಟ್ಟ ಕ್ಷಣವೇ ಇಂಗಿ ಹಿಂಬದಿಗೆ ಇಳಿದರೆ ಅದು ಪೆನ್ಸಿಲ್ಲಿಗೋ ಆಯಿಲ್ ಪೇಸ್ಟೆಲಿಗೋ ಸರಿ, ಜಲವರ್ಣಕ್ಕಲ್ಲ. ಅಂಗಡಿಯಲ್ಲಿ ಈ ಪರೀಕ್ಷೆಗೆ ಅವಕಾಶ ಸಿಗದಿದ್ದರೆ ಮೊದಲು ಒಂದೇ ಪ್ಯಾಡು ಕೊಂಡು ಮನೆಯಲ್ಲಿ ನೋಡಿ, ಆಮೇಲೆ ಹೆಚ್ಚಿಗೆ ತರುವುದು ಜಾಣತನ. ಮಲೆನಾಡು ಮತ್ತು ಕರಾವಳಿಯವರು ಇನ್ನೊಂದು ವಿಷಯಕ್ಕೆ ಗಮನ ಕೊಡಬೇಕು. ಮಳೆಗಾಲದ ತೇವದಲ್ಲಿ ಕಾಗದದ ಆ ಸರಿ ಕೆಡುತ್ತದೆ. ಬರಿಗಣ್ಣಿಗೆ ಏನೂ ಕಾಣಿಸದು, ಆದರೆ ಬಣ್ಣ ಬಳಿದ ಕೂಡಲೇ ಗಾಢವಾದ ಚುಕ್ಕೆಗಳು ಮೂಡುತ್ತವೆ. ವರ್ಷಕ್ಕೆ ಬೇಕಾದ ಕಾಗದವನ್ನು ಬೇಸಿಗೆಯಲ್ಲೇ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಕಟ್ಟಿಡುವುದು ಅಲ್ಲಿನವರಿಗೆ ಉಳಿತಾಯದ ದಾರಿ.

ಇಷ್ಟಾದರೂ ಅಗ್ಗದ ಕಾಗದಕ್ಕೆ ಅತ್ಯುತ್ತಮ ಜಾಗ ತೊಂಬತ್ತೊಂಬತ್ತರ ಅಂಗಡಿಯಲ್ಲ. ಸಿದ್ಧ ಪ್ಯಾಡಿನ ಬದಲು 22×30 ಅಂಗುಲದ ಪೂರ್ತಿ ಹಾಳೆ ಕೊಂಡು ಮೂರು ಸಲ ಮಡಚಿ ಕತ್ತರಿಸಿದರೆ 7.5×11 ಅಂಗುಲದ ಎಂಟು ತುಂಡು ಸಿಗುತ್ತವೆ. ಅಷ್ಟೇ ಗುಣಮಟ್ಟದ ಪ್ಯಾಡಿಗೆ ಹೋಲಿಸಿದರೆ ತುಂಡಿನ ಲೆಕ್ಕದಲ್ಲಿ ಇದು ಸಾಮಾನ್ಯವಾಗಿ ಅಗ್ಗ. ಫ್ರೇಮ್ ಹಾಕುವ ಅಂಗಡಿಯಲ್ಲಿ ಚಿತ್ರದ ಸುತ್ತ ಮೌಂಟ್ ಬೋರ್ಡ್ ಇಡಲು ನಡುಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಆ ನಡುಭಾಗ ಅವರಿಗೆ ಬೇಡದ ವಸ್ತು, ಅಕ್ರಿಲಿಕ್ ಬಳಸುವವರಿಗೆ ಸಿದ್ಧ ಹಲಗೆ. ಮುದ್ರಣಾಲಯಗಳಲ್ಲಿ ಹಾಳೆಯನ್ನು ಅಳತೆಗೆ ಕತ್ತರಿಸಿದಾಗ ಉಳಿಯುವ ಉದ್ದುದ್ದ ಪಟ್ಟಿಗಳು ರೇಖಾಭ್ಯಾಸಕ್ಕೆ ಹೇಳಿಮಾಡಿಸಿದಂಥವು, ಕೇಳಿದರೆ ತೂಕದ ಲೆಕ್ಕದಲ್ಲಿ ಕೊಡುವವರಿದ್ದಾರೆ. ಬೆಂಗಳೂರಿನ ಸುಲ್ತಾನ್‌ಪೇಟೆಯಂಥ ಕಾಗದ ಮತ್ತು ಲಗ್ನಪತ್ರಿಕೆಯ ಬೀದಿಯಲ್ಲಿ ಮದುವೆಯ ಕಾಲ ಮುಗಿದ ಮೇಲೆ ವಿಚಾರಿಸಿದರೆ ದಪ್ಪ ಕಾರ್ಡು, ಬಣ್ಣದ ಹಾಳೆಗಳು ಉಳಿಕೆ ಮಾಲಿನ ಬೆಲೆಗೆ ದೊರೆಯುವುದುಂಟು.

ಹತ್ತಿಯ ಕೈಕಾಗದವನ್ನೂ ಮರೆಯಬಾರದು. ರಾಜಸ್ಥಾನದ ಸಾಂಗಾನೇರ್, ಪುದುಚೇರಿಯ ಅರವಿಂದಾಶ್ರಮದ ಘಟಕ ಈ ಕಾಗದಕ್ಕೆ ಹೆಸರಾದವು. ಬಟ್ಟೆ ಹೊಲಿಯುವಾಗ ಉಳಿಯುವ ಹತ್ತಿಯ ಚಿಂದಿಯಿಂದ ಮಾಡುವುದರಿಂದ ಮರದ ತಿರುಳಿನ ಅಗ್ಗದ ಕಾಗದದಂತೆ ಇದು ಬೇಗ ಹಳದಿಯಾಗುವುದಿಲ್ಲ. ವಿದೇಶಿ ಹತ್ತಿ ಕಾಗದದ ಬೆಲೆಗೆ ಬೆಚ್ಚಿ ಹಿಂದೆ ಸರಿದವರು ಖಾದಿ ಭಂಡಾರದಲ್ಲಿ ಒಮ್ಮೆ ಕೇಳಿ ನೋಡಬೇಕು. ಆದರೆ ಕೈಕಾಗದದಲ್ಲಿ ಲಗ್ನಪತ್ರಿಕೆಗೆ ಮಾಡಿದ್ದು ಬೇರೆ, ಜಲವರ್ಣಕ್ಕೆ ಸರಿ ಹಾಕಿದ್ದು ಬೇರೆ. ಹೂವಿನ ಎಸಳು, ಹುಲ್ಲಿನ ಎಳೆ ಸೇರಿಸಿದ ಅಲಂಕಾರದ ಹಾಳೆಯನ್ನು ಬಿಟ್ಟು, ಹನಿ ನೀರಿನ ಪರೀಕ್ಷೆಯಲ್ಲಿ ನಿಂತದ್ದನ್ನು ಆರಿಸಿಕೊಳ್ಳಬೇಕು.

ಬಣ್ಣದ ಹಿಂದಿನ ಲೆಕ್ಕ

ಇಪ್ಪತ್ತನಾಲ್ಕು ಬಣ್ಣದ ಪೆಟ್ಟಿಗೆ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯಲ್ಲೇ ಕಲೆಸಿಕೊಳ್ಳಬಹುದಾದ ಮಿಶ್ರಣಗಳು. ಮೊದಲು ನೋಡಬೇಕಾದದ್ದು ಟ್ಯೂಬಿನ ಮೇಲಿನ ಮಿಲಿಲೀಟರ್ ಅಂಕಿ. ಉದಾಹರಣೆಗೆ 120 ರೂಪಾಯಿಯ ಪೆಟ್ಟಿಗೆಯಲ್ಲಿ 5 ಮಿ.ಲೀ.ನ ಹನ್ನೆರಡು ಟ್ಯೂಬುಗಳಿದ್ದರೆ ಮಿಲಿಲೀಟರಿಗೆ 2 ರೂಪಾಯಿ ಬಿತ್ತು. 99 ರೂಪಾಯಿಗೆ 3 ಮಿ.ಲೀ.ನ ಹನ್ನೆರಡು ಕೊಂಡರೆ 2 ರೂಪಾಯಿ 75 ಪೈಸೆ. ಅಗ್ಗವೆಂದು ಬುಟ್ಟಿಗೆ ಬಿದ್ದದ್ದು ನಿಜಕ್ಕೂ ದುಬಾರಿಯದು. ಈಗ ಪೊಟ್ಟಣ ಕಟ್ಟಿದ ಸರಕಿನ ಮೇಲೆ ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಇಷ್ಟು ಎಂಬ ಏಕಮಾನದ ಬೆಲೆಯನ್ನೂ ಅಚ್ಚು ಹಾಕುತ್ತಿರುವುದರಿಂದ ಈ ಲೆಕ್ಕ ಇನ್ನಷ್ಟು ಸುಲಭವಾಗಿದೆ. ಆಮದು ಮಾಲಿನ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ ನಮೂದಾಗಿರಬೇಕೆಂಬುದೂ ಕಾನೂನು. ಇವು ಯಾವುವೂ ಇಲ್ಲದ, ಬರೀ ಮುದ್ದಾದ ಕಾರ್ಟೂನು ಅಚ್ಚಾದ ಬಣ್ಣದ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಬೆರಳು ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿರುವ ಮನೆಯವರಂತೂ ಈ ವಿಷಯದಲ್ಲಿ ರಾಜಿಯಾಗಬಾರದು.

ಇನ್ನು ಟ್ಯೂಬಿನ ಒಳಗಿನ ಸಂಗತಿ. ಬಣ್ಣವೆಂದರೆ ನುಣ್ಣಗೆ ಅರೆದ ವರ್ಣದ ಪುಡಿ, ಅದನ್ನು ಹಿಡಿದಿಡುವ ಅಂಟು, ಜೊತೆಗೆ ಬೆಲೆ ಇಳಿಸಲು ಸೇರಿಸುವ ಬಿಳಿ ಪುಡಿ. ಅಗ್ಗದ ಬಣ್ಣದಲ್ಲಿ ಈ ಕೊನೆಯದು ಹೆಚ್ಚಿರುವುದರಿಂದ ಚಿತ್ರ ಒಣಗಿದ ಮೇಲೆ ಸುಣ್ಣ ಬಳಿದಂತೆ ಮಂಕಾಗುತ್ತದೆ. ಆದರೆ ವರ್ಣದ ಪುಡಿಗಳಲ್ಲೇ ಕೆಲವು ಹುಟ್ಟಿನಿಂದಲೇ ಅಗ್ಗ, ಜೊತೆಗೆ ಬಹಳ ಬಾಳಿಕೆಯವು. ರಿಯಾಯಿತಿ ಅಂಗಡಿಗೆ ಹೋಗುವವರು ತಿಳಿದಿರಬೇಕಾದ ಗುಟ್ಟು ಇದೇ. ಕಬ್ಬಿಣದ ತುಕ್ಕಿನ ಕುಲಕ್ಕೆ ಸೇರಿದ ಕೆಂಪು, ಹಳದಿ, ಕಂದು ಬಣ್ಣಗಳು, ಇಂಗಾಲದ ಕಪ್ಪು, ಟೈಟಾನಿಯಂ ಬಿಳಿ, ಅಲ್ಟ್ರಾಮರೀನ್ ನೀಲಿ, ಥ್ಯಾಲೋ ನೀಲಿ ಮತ್ತು ಹಸಿರು ಆ ಪಟ್ಟಿಯಲ್ಲಿವೆ. ಇವನ್ನು ಅಗ್ಗದ ಪೆಟ್ಟಿಗೆಯಲ್ಲಿ ಕೊಂಡರೂ ಬಿಸಿಲಿಗೆ ಬೇಗ ಮಾಸುವ ಭಯವಿಲ್ಲ.

ಅಲ್ಟ್ರಾಮರೀನ್‌ನ ಕತೆ ಕೇಳಿದರೆ ಅಗ್ಗದ ಬಣ್ಣದ ಬಗ್ಗೆ ಗೌರವ ಹುಟ್ಟುತ್ತದೆ. ಶತಮಾನಗಳ ಕಾಲ ಆ ನೀಲಿಯನ್ನು ಅಫ್ಘಾನಿಸ್ತಾನದ ಬದಕ್ಷಾನದಲ್ಲಿ ಸಿಗುವ ಲಾಜವರ್ದ ಕಲ್ಲನ್ನು ಅರೆದೇ ತೆಗೆಯಬೇಕಿತ್ತು. ಯುರೋಪಿನ ಚಿತ್ರಕಾರರಿಗೆ ಅದು ಚಿನ್ನದಷ್ಟು ದುಬಾರಿ. ಇದನ್ನು ಅಗ್ಗವಾಗಿ ತಯಾರಿಸುವ ವಿಧಾನ ಕಂಡುಹಿಡಿದವರಿಗೆ ಫ್ರಾನ್ಸಿನಲ್ಲಿ 6,000 ಫ್ರಾಂಕ್ ಬಹುಮಾನ ಘೋಷಣೆಯಾಯಿತು. 1828ರಲ್ಲಿ ಜ್ಯಾಂ ಬಾಪ್ಟಿಸ್ಟ್ ಗಿಮೆ ಅದನ್ನು ಪಡೆದರು. ಅದಾದ ಮೇಲೆ ರಾಜರ ನೀಲಿ ಅಗಸರ ಮನೆಗೂ ಬಂತು. ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿ ಪುಡಿ ಈ ಅಲ್ಟ್ರಾಮರೀನೇ. ಈಗ ಬಾಟಲಿಯಲ್ಲಿ ಬರುವ ದ್ರವ ನೀಲಿ ಬೇರೆ ಜಾತಿಯದು. ಅದು ಕರಗುವ ಬಣ್ಣ, ಚಿತ್ರಕ್ಕೆ ಒಗ್ಗುವುದಿಲ್ಲ.

ಅನುಮಾನಿಸಬೇಕಾದವು ಗುಲಾಬಿ, ನೇರಳೆ, ಕಡುಗುಲಾಬಿ ಮತ್ತು ಕಣ್ಣು ಕುಕ್ಕುವ ಫ್ಲೋರೆಸೆಂಟ್ ಬಣ್ಣಗಳು. ಬಿಸಿಲು ತಾಗಿದರೆ ಮೊದಲು ಹಾರಿಹೋಗುವವು ಇವು. ದೊಡ್ಡ ಕಲಾವಿದರೂ ಇದಕ್ಕೆ ಸಿಕ್ಕಿಬಿದ್ದಿದ್ದಾರೆ. ವಿನ್ಸೆಂಟ್ ವಾನ್ ಗೋ 1890ರಲ್ಲಿ ಬಿಡಿಸಿದ ಗುಲಾಬಿ ಹೂಗಳ ಚಿತ್ರ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ. ಇಂದು ನೋಡಿದವರಿಗೆ ಬಿಳಿಯಂತೆ ಕಾಣುವ ಆ ಹೂಗಳು ಅವರು ಬಿಡಿಸಿದಾಗ ಗುಲಾಬಿ ಬಣ್ಣದಲ್ಲಿದ್ದವು. ಜಿರೇನಿಯಂ ಲೇಕ್ ಎಂಬ ಆಗಿನ ಹೊಸ ಬಣ್ಣ ಬೆಳಕಿಗೆ ಮಾಸಿಹೋಗಿದೆ.

ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಪಿಬಿ 29, ಪಿಆರ್ 101, ಪಿವೈ 42 ಎಂಬಂಥ ಸಂಕೇತಗಳಿದ್ದರೆ ಅದೃಷ್ಟವೆಂದೇ ತಿಳಿಯಬೇಕು. ಮೊದಲನೆಯದು ಅಲ್ಟ್ರಾಮರೀನ್, ಎರಡನೆಯದು ಕಬ್ಬಿಣದ ಕೆಂಪು, ಮೂರನೆಯದು ಕಬ್ಬಿಣದ ಹಳದಿ. ಕಂಪನಿ ಯಾವುದೇ ಇರಲಿ, ಸಂಕೇತ ಬದಲಾಗುವುದಿಲ್ಲ. ಬಣ್ಣದ ಹೆಸರಿನ ಪಕ್ಕ ‘ಹ್ಯೂ’ ಎಂದಿದ್ದರೆ ಅಸಲಿ ಪುಡಿಯ ಬದಲು ಅದನ್ನು ಹೋಲುವ ಇನ್ನೊಂದನ್ನು ಹಾಕಿದ್ದಾರೆಂದು ಅರ್ಥ. ಇದರಲ್ಲಿ ಮೋಸವೇನಿಲ್ಲ. ಉದಾಹರಣೆಗೆ, ಅಸಲಿ ಕ್ಯಾಡ್ಮಿಯಂ ಪುಡಿ ವಿಷಕಾರಿಯಾದ್ದರಿಂದ ಮಕ್ಕಳ ಕೈಗೆ ಹ್ಯೂ ಕೊಡುವುದೇ ಲೇಸು.

ಅಕ್ರಿಲಿಕ್ ಹಾಕುವವರಿಗೆ ಬೇಗ ಖಾಲಿಯಾಗುವುದು ಬಿಳಿ. ಸೆಟ್ಟಿನಲ್ಲಿ ಬರುವ ಪುಟ್ಟ ಬಿಳಿಯನ್ನು ನಂಬಿಕೊಳ್ಳದೆ ದೊಡ್ಡ ಟ್ಯೂಬನ್ನು ಬೇರೆಯಾಗಿ ಕೊಳ್ಳಬೇಕು. ಹಲಗೆಗೆ ಮೊದಲು ಬಳಿಯುವ ಬಿಳಿ ಲೇಪಕ್ಕೆ ಗೆಸ್ಸೋ ಎನ್ನುತ್ತಾರೆ. ಅಭ್ಯಾಸದ ಚಿತ್ರಗಳಿಗೆ ಪೇಂಟ್ ಅಂಗಡಿಯ ಬಿಳಿ ಅಕ್ರಿಲಿಕ್ ಇಮಲ್ಷನ್ ಎರಡು ಪದರ ಬಳಿದರೂ ಕೆಲಸ ನಡೆಯುತ್ತದೆ. ಬಡಗಿಯ ಬಳಿ ಉಳಿದ ಎಂಡಿಎಫ್ ತುಂಡುಗಳಿಗೆ ಎರಡೂ ಬದಿ ಬಳಿದರೆ ಹಲಗೆ ಸೊಟ್ಟಗಾಗದು. ರಿಯಾಯಿತಿ ಅಂಗಡಿಯ ಸಿದ್ಧ ಕ್ಯಾನ್ವಾಸನ್ನು ಕೊಳ್ಳುವುದಾದರೆ ಚೌಕಟ್ಟನ್ನು ಸಮತಟ್ಟಾದ ನೆಲದ ಮೇಲಿಟ್ಟು ನಾಲ್ಕೂ ಮೂಲೆ ತಾಗುತ್ತವೆಯೇ ನೋಡಬೇಕು, ಬೆಳಕಿಗೆ ಹಿಡಿದು ತೂತು ಕಾಣುತ್ತದೆಯೇ ಪರೀಕ್ಷಿಸಬೇಕು. ಶಾಲೆಯ ಗೋಡೆಗೆ ದೊಡ್ಡ ಚಿತ್ರ ಬರೆಯುವ ಮೇಷ್ಟರುಗಳಂತೂ ಟ್ಯೂಬಿನ ಗೊಡವೆಗೇ ಹೋಗಬಾರದು. ಇಮಲ್ಷನ್‌ಗೆ ಬಣ್ಣ ಕೊಡುವ ಸ್ಟೇನರ್ ಬೆರೆಸಿಕೊಂಡರೆ ತೀರಾ ಕಡಿಮೆ ಖರ್ಚಿನಲ್ಲಿ ಇಡೀ ಗೋಡೆ ಮುಗಿಯುತ್ತದೆ.

ಬ್ರಷ್ಷು, ಪೆನ್ಸಿಲ್ಲು, ಇದ್ದಿಲು

ಬ್ರಷ್ಷು ಮೇಜಿನ ಸಾಮಾನೂ ಹೌದು, ಚಿತ್ರದ ಭಾಗವೂ ಹೌದು, ಏಕೆಂದರೆ ಗೆರೆ ಹುಟ್ಟುವುದು ಅದರ ತುದಿಯಲ್ಲಿ. ಹತ್ತು ಬ್ರಷ್ಷುಗಳ ಕಟ್ಟು ಕೊಂಡರೆ ಸಾಮಾನ್ಯವಾಗಿ ಎರಡು ಮೂರು ಬಳಕೆಗೆ ಬರುತ್ತವೆ. ಬಿಡಿಯಾಗಿ ಸಿಕ್ಕರೆ ಬಿಡಿಯಾಗಿಯೇ ಕೊಳ್ಳಬೇಕು: ದುಂಡನೆಯದು ಒಂದು ದೊಡ್ಡದು, ಒಂದು ಸಣ್ಣದು, ಜೊತೆಗೊಂದು ಚಪ್ಪಟೆ. ಅಂಗಡಿಯಲ್ಲಿ ಎಲ್ಲ ಬ್ರಷ್ಷಿನ ತುದಿಯೂ ಚೂಪಾಗಿಯೇ ಕಾಣುತ್ತದೆ, ಅದು ಗಂಜಿಯ ಮಹಿಮೆ. ನೀರಿನಲ್ಲಿ ಅದ್ದಿ ಗಂಜಿ ಕಳೆದು, ಒಮ್ಮೆ ಕೊಡವಿದಾಗಲೂ ಕೂದಲು ಒಂದೇ ಮೊನೆಗೆ ಸೇರಿದರೆ ಬ್ರಷ್ಷು ಗೆದ್ದಿತು. ಕೂದಲು ಹಿಡಿದಿರುವ ತಗಡಿನ ಕೊಳವೆ ಅಲುಗಾಡುತ್ತಿದ್ದರೆ ಅದು ಬೇಡ. ಆಕಾಶದಂಥ ದೊಡ್ಡ ಜಾಗ ತುಂಬಲು ಹಾರ್ಡ್‌ವೇರ್ ಅಂಗಡಿಯ ಒಂದಂಗುಲದ ಪೇಂಟ್ ಬ್ರಷ್ಷೇ ಸಾಕು. ಮೊದಲ ದಿನ ಉದುರುವ ಕೂದಲನ್ನು ಕೈಯಿಂದ ಎಳೆದು ತೆಗೆದುಬಿಟ್ಟರೆ ಆಮೇಲೆ ಅದು ಬಹುಕಾಲ ಬರುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಮುಂಗುಸಿಯ ಕೂದಲಿನ ಬ್ರಷ್ಷನ್ನು ಕೆಲವೆಡೆ ಈಗಲೂ ಗುಟ್ಟಾಗಿ ಮಾರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಂಗುಸಿಯನ್ನು ಕೊಲ್ಲುವುದೂ ಅದರ ಕೂದಲಿನ ವ್ಯಾಪಾರವೂ ಅಪರಾಧ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ‘ಆಪರೇಷನ್ ಕ್ಲೀನ್ ಆರ್ಟ್’ ಎಂಬ ಹೆಸರಿನಲ್ಲಿ ದೇಶದ ಹಲವೆಡೆ ದಾಳಿ ನಡೆಸಿ ಇಂಥ ಬ್ರಷ್ಷುಗಳನ್ನು ವಶಪಡಿಸಿಕೊಂಡಿತು. ಒಂದೇ ಕೂದಲಿನಲ್ಲಿ ಕಡುಕಂದು ತುದಿ, ನಡುವೆ ತಿಳಿ ಬಣ್ಣದ ಪಟ್ಟೆ ಕಂಡರೆ ಅನುಮಾನಿಸಬೇಕು. ನೈಲಾನ್ ಕೂದಲಿನ ಬ್ರಷ್ಷು ಇಂದು ಅಗ್ಗವಾಗಿಯೂ ಚೆನ್ನಾಗಿಯೂ ಸಿಗುತ್ತಿರುವಾಗ ಒಂದು ಜೀವದ ಮೇಲೆ ಕೈಯಿಡುವ ಅಗತ್ಯ ಯಾವ ಚಿತ್ರಕ್ಕೂ ಇಲ್ಲ.

ಪೆನ್ಸಿಲ್ಲಿನಲ್ಲಿ ಭಾರತದವರು ಭಾಗ್ಯವಂತರು. ನಟರಾಜ್, ಅಪ್ಸರಾ, ಡೋಮ್ಸ್, ಕ್ಯಾಮೆಲ್ ಎಲ್ಲವೂ ದೇಶದಲ್ಲೇ ತಯಾರಾಗುವಂಥವು, ಹಳ್ಳಿಯ ಅಂಗಡಿಯಲ್ಲೂ ಸಿಗುವಂಥವು. ಇದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲ್, ಕ್ರೇಯಾನ್, ಪೇಸ್ಟೆಲ್, ಶಾರ್ಪನರ್, ರಬ್ಬರುಗಳ ಮೇಲಿನ ಜಿಎಸ್‌ಟಿಯನ್ನು ಪೂರ್ತಿ ತೆಗೆದುಹಾಕಲಾಗಿದೆ. ಹೆಸರಿಲ್ಲದ ಆಮದು ಪೆನ್ಸಿಲ್ಲಿನ ಇಪ್ಪತ್ತರ ಸೆಟ್ಟಿಗಿಂತ ಹೆಸರಿರುವ ಕಂಪನಿಯ ಎಚ್‌ಬಿ, 2ಬಿ, 6ಬಿ ಮೂರನ್ನೇ ಕೊಳ್ಳುವುದು ಮೇಲು. ಪೆನ್ಸಿಲ್ಲಿನ ಹಿಂತುದಿ ನೋಡಿದರೆ ಕಡ್ಡಿ ನಡುಮಧ್ಯದಲ್ಲಿದೆಯೇ ಎಂಬುದು ಕಾಣುತ್ತದೆ. ಪಕ್ಕಕ್ಕೆ ಸರಿದಿದ್ದರೆ ಹೆರೆದಾಗಲೆಲ್ಲ ಮುರಿಯುತ್ತದೆ. ಆಯಿಲ್ ಪೇಸ್ಟೆಲನ್ನು ಮಕ್ಕಳದೆಂದು ತಳ್ಳಿಹಾಕಬಾರದು. 1925ರಲ್ಲಿ ಜಪಾನಿನ ಸಕುರಾ ಕಂಪನಿ ಶಾಲೆಯ ಮಕ್ಕಳಿಗೆಂದು ತಂದ ಈ ಅಗ್ಗದ ಕಡ್ಡಿ ಪಿಕಾಸೋ ಅವರಂಥವರಿಗೂ ಬೇಕಾಯಿತು. ಕಪ್ಪು ಗೆರೆಗೆ ಸ್ಕೆಚ್ ಪೆನ್ನಿಗಿಂತ ಬಾಟಲಿಯ ಇಂಡಿಯನ್ ಇಂಕ್ ಲಾಭದಾಯಕ. ಇಂಗಾಲದ ಕಪ್ಪಿನಿಂದ ಮಾಡಿದ್ದಾದರೆ ಬಿಸಿಲಿಗೆ ಮಾಸುವುದಿಲ್ಲ, ನೀರಿಗೆ ಕರಗದ ಬಗೆಯದಾದರೆ ಒಣಗಿದ ಮೇಲೆ ಜಲವರ್ಣ ಬಳಿದರೂ ಕದಡುವುದಿಲ್ಲ.

ಇದ್ದಿಲ ಕಡ್ಡಿಯನ್ನಂತೂ ಕೊಳ್ಳಲೇಬೇಕೆಂದಿಲ್ಲ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಕಾರರು ಹುಣಸೆಯ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು, ಆ ಇದ್ದಿಲಿನಿಂದಲೇ ಮೊದಲ ರೇಖೆ ಹಾಕುತ್ತಿದ್ದರು. ಇಂದೂ ಅದನ್ನು ಮಾಡಬಹುದು. ಬೆರಳಿಗಿಂತ ಸಣ್ಣನೆಯ ಒಣ ಕಡ್ಡಿಗಳ ಸಿಪ್ಪೆ ಸುಲಿದು, ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ಸಣ್ಣ ತೂತು ಮಾಡಿ, ಬಯಲಿನಲ್ಲಿ ಸೌದೆಯ ಬೆಂಕಿಯ ಮೇಲಿಡಬೇಕು. ತೂತಿನಿಂದ ಹೊಗೆ ಬರುವುದು ನಿಂತಾಗ ಇದ್ದಿಲು ಆಯಿತೆಂದು ಲೆಕ್ಕ. ಡಬ್ಬಿ ಪೂರ್ತಿ ಆರುವವರೆಗೆ ಮುಚ್ಚಳ ತೆಗೆಯಬಾರದು, ಗಾಳಿ ತಾಗಿದರೆ ಒಳಗಿನದು ಹೊತ್ತಿಕೊಂಡು ಬೂದಿಯಾಗುತ್ತದೆ.

ಗ್ರಂಥಿಗೆ ಅಂಗಡಿಯ ದಾರಿ

ಕಡಿಮೆ ಖರ್ಚಿನ ಸಾಮಾನಿನಲ್ಲೇ ಮೇರುಕೃತಿಗಳು ಹುಟ್ಟಿದ್ದಕ್ಕೆ ಈ ನೆಲದಲ್ಲಿ ಸಾಕ್ಷಿ ಬೇಕಾದಷ್ಟಿದೆ. ಬಂಗಾಳದ ಜಾಮಿನಿ ರಾಯ್ ಎಣ್ಣೆಬಣ್ಣವನ್ನು ಕೈಬಿಟ್ಟು, ಮಣ್ಣಿನ ಬಣ್ಣಗಳನ್ನು ಹುಣಸೆಬೀಜದ ಅಂಟಿನಲ್ಲಿ ಕಲೆಸಿ ಬಟ್ಟೆಯ ಮೇಲೂ ಹಲಗೆಯ ಮೇಲೂ ಬಿಡಿಸಿದರು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲ್ ಬೋಸ್ ಮಾಡಿದ ಚಿತ್ರಫಲಕಗಳಲ್ಲಿ ಇರುವುದೂ ಮಣ್ಣಿನ ಬಣ್ಣಗಳೇ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಅಕ್ಕಿಯ ಹಿಟ್ಟಿನಿಂದ ಬಿಳಿ, ಹುರಿದು ಕರಿಮಾಡಿದ ಅಕ್ಕಿಯಿಂದ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಗುರಿಗೆ ಕಾಯಿಯಿಂದ ಹಳದಿ ಮಾಡಿಕೊಂಡು, ಪುಂಡಿ ನಾರಿನ ಕುಂಚದಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುತ್ತಾರೆ. ಆ ಗೆರೆಯ ನೇರ ನೋಡಿದವರು ಬ್ರಷ್ಷಿನ ಬೆಲೆ ಕೇಳಲಾರರು.

ಮನೆಯಲ್ಲಿ ಜಲವರ್ಣ ಮಾಡಿನೋಡುವ ಹುರುಪಿದ್ದವರಿಗೆ ಎರಡು ಅಂಗಡಿ ಸಾಕು. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್, ಯೆಲ್ಲೋ ಆಕ್ಸೈಡ್ ಪುಡಿಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತವೆ. ಟ್ಯೂಬಿನ ಮೇಲಿನ ಪಿಆರ್ 101, ಪಿವೈ 42 ಇವೇ. ಗ್ರಂಥಿಗೆ ಅಂಗಡಿಯಲ್ಲಿ ಜಾಲಿಯ ಗೋಂದು, ಲವಂಗದ ಎಣ್ಣೆ ಇರುತ್ತವೆ. ಒಂದು ಪಾಲು ಗೋಂದಿನ ಪುಡಿಗೆ ಎರಡು ಪಾಲು ಬಿಸಿನೀರು ಹಾಕಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಜೇನುತುಪ್ಪ, ಬೂಸ್ಟು ಬರದಂತೆ ಒಂದೆರಡು ತೊಟ್ಟು ಲವಂಗದ ಎಣ್ಣೆ ಸೇರಿಸಬೇಕು. ಆಮೇಲೆ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಬಣ್ಣದ ಪುಡಿಯನ್ನು ಗಾಜಿನ ಅಥವಾ ಟೈಲ್ಸಿನ ಮೇಲೆ ಈ ಅಂಟಿನೊಡನೆ ನುಣ್ಣಗೆ ಅರೆಯಬೇಕು. ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಅಂಟು ಸಾಲದು, ಹೊಳೆದು ಬಿರುಕು ಬಿಟ್ಟರೆ ಅಂಟು ಹೆಚ್ಚಾಗಿದೆ. ಪುಡಿ ಉಸಿರಿನೊಳಗೆ ಹೋಗದಂತೆ ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳುವುದು, ಅಡುಗೆಯ ಪಾತ್ರೆಗಳನ್ನು ಈ ಕೆಲಸಕ್ಕೆ ಬಳಸದಿರುವುದು ಕಡ್ಡಾಯ. ಹಳೆಯ ಚಿತ್ರಕಾರರು ಬಳಸುತ್ತಿದ್ದ ಹರಿದಾಳ, ಇಂಗಳೀಕ, ಸೀಸದ ಸಫೇದವನ್ನು ಯಾರೂ ಮನೆಗೆ ತರಬಾರದು. ಮೊದಲನೆಯದರಲ್ಲಿ ಪಾಷಾಣವಿದೆ, ಎರಡನೆಯದರಲ್ಲಿ ಪಾದರಸ, ಮೂರನೆಯದು ಸೀಸವೇ.

ಕೊಳ್ಳುವ ಕಾಲಕ್ಕೂ ಬೆಲೆಗೂ ನಂಟಿದೆ. ಶಾಲೆ ಶುರುವಾಗುವ ಮೇ ಕೊನೆ, ಜೂನ್ ತಿಂಗಳಲ್ಲಿ ಸೂಪರ್ ಮಾರ್ಕೆಟ್‌ಗಳು ಸ್ಟೇಷನರಿಗೆ ರಿಯಾಯಿತಿ ಕೊಡುತ್ತವೆ, ಆಗ ಸರಕಿನ ಆಯ್ಕೆಯೂ ಹೆಚ್ಚು. ಆ ಗಲಾಟೆ ಮುಗಿದ ಮೇಲೆ ಉಳಿದ ಸರಕು, ಪೆಟ್ಟಿಗೆ ಜಜ್ಜಿದ ಸೆಟ್ಟುಗಳು ಇನ್ನೂ ಇಳಿದ ಬೆಲೆಗೆ ಬರುವುದುಂಟು. ಹೊರಗಿನ ರಟ್ಟು ಜಜ್ಜಿದ್ದರೆ ನಷ್ಟವಿಲ್ಲ, ಟ್ಯೂಬನ್ನು ಮೆಲ್ಲಗೆ ಒತ್ತಿದಾಗ ಮೆತ್ತಗಿದ್ದರೆ ಸಾಕು. ಅಕ್ರಿಲಿಕ್ ಗಟ್ಟಿಯಾಗಿದ್ದರೆ ಅದು ಮತ್ತೆ ಕರಗುವುದಿಲ್ಲ, ಜಲವರ್ಣವಾದರೆ ಟ್ಯೂಬನ್ನು ಸೀಳಿ ಬಿಲ್ಲೆಯಂತೆ ಬಳಸಬಹುದು. ಕಲಾಶಾಲೆಗಳ ಅಕ್ಕಪಕ್ಕದ ಅಂಗಡಿಗಳಲ್ಲಿ ರಿಯಾಯಿತಿ ಕಡಿಮೆಯಿದ್ದರೂ ಒಂದೇ ಟ್ಯೂಬು, ಒಂದೇ ಹಾಳೆ ಬಿಡಿಯಾಗಿ ಕೊಡುತ್ತಾರೆ. ಬೇಡದ ಹನ್ನೊಂದು ಬಣ್ಣದ ದುಡ್ಡು ಅಲ್ಲಿ ಉಳಿಯುತ್ತದೆ.

ತಂದ ಬಣ್ಣವನ್ನು ಬಳಸುವ ಮೊದಲು ಒಂದು ಕೆಲಸ ಬಾಕಿ ಇರುತ್ತದೆ. ದಪ್ಪ ಕಾಗದದ ಮೇಲೆ ಪ್ರತಿ ಬಣ್ಣದ ಒಂದೊಂದು ಪಟ್ಟಿ ಬಳಿದು, ಪಕ್ಕದಲ್ಲಿ ಹೆಸರು, ಕಂಪನಿ, ತಾರೀಖು ಬರೆದು, ಪಟ್ಟಿಗಳ ಅರ್ಧಭಾಗವನ್ನು ಕಪ್ಪು ರಟ್ಟಿನಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಬೇಕು. ಮಾರ್ಚ್‌ನಿಂದ ಮೇವರೆಗಿನ ನಮ್ಮ ಬಿಸಿಲಿಗೆ ದುರ್ಬಲ ಬಣ್ಣಗಳು ಕೆಲವೇ ವಾರಗಳಲ್ಲಿ ಬಣ್ಣ ಬಿಟ್ಟುಕೊಡುತ್ತವೆ. ಎರಡು ಮೂರು ತಿಂಗಳ ನಂತರ ರಟ್ಟು ತೆಗೆದು ನೋಡಿದಾಗ ಎರಡೂ ಬದಿ ಒಂದೇ ತೆರನಾಗಿರುವ ಬಣ್ಣಗಳನ್ನು ಗೋಡೆಗೆ ತೂಗುವ, ಮಾರುವ, ಉಡುಗೊರೆ ಕೊಡುವ ಚಿತ್ರಗಳಿಗೆ ಎತ್ತಿಡಬಹುದು. ಮಾಸಿದವನ್ನು ಎಸೆಯಬೇಕಾಗಿಲ್ಲ, ಸ್ಕೆಚ್ ಪುಸ್ತಕದ ಅಭ್ಯಾಸಕ್ಕೆ ಬಳಸಿದರಾಯಿತು. ಮುಚ್ಚಿದ ಪುಸ್ತಕದೊಳಗೆ ಬೆಳಕು ಹೋಗದ್ದರಿಂದ ಅಗ್ಗದ ಗುಲಾಬಿಯೂ ಅಲ್ಲಿ ವರ್ಷಗಟ್ಟಲೆ ಇರುತ್ತದೆ.